ಏಡಿಯೊಳಗಿನ ಅಳಿವೆ

ಏಡಿಯ ಮಾಂಸ ಸಿಹಿ. ಮಸಾಲೆ ಏನೂ ಹಾಕದೆ ಬರೀ ನೀರಿನಲ್ಲಿ ಬೇಯಿಸಿ, ಮುಂದಿನ ದೊಡ್ಡ ಕಾಲನ್ನು ಕುಟ್ಟಿ ಒಡೆದು, ಒಳಗಿನ ಬಿಳಿ ಎಳೆಗಳನ್ನು ಬಾಯಿಗೆ ಹಾಕಿಕೊಂಡವರಿಗೆ ಇದು ಗೊತ್ತು. ಉಪ್ಪುನೀರಿನಲ್ಲಿ ಹುಟ್ಟಿ, ಉಪ್ಪುಕೆಸರಿನಲ್ಲಿ ಬಿಲ ತೋಡಿ, ಜೀವಮಾನವಿಡೀ ಉಪ್ಪಿನ ನಡುವೆಯೇ ಬದುಕಿದ ಪ್ರಾಣಿಯ ಮೈಗೆ ಸಿಹಿ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ತಿಳಿದ ಮೇಲೆ ಏಡಿಯ ಪೋಷಕಾಂಶಗಳ ಪಟ್ಟಿಯನ್ನು ಮೊದಲಿನ ಹಾಗೆ ಓದಲು ನನಗೆ ಆಗಿಲ್ಲ.

ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಷ್ಟು ಉಪ್ಪು ಸುತ್ತಲೂ ಇದ್ದರೆ ಜೀವಕೋಶದೊಳಗಿನ ನೀರು ಹೊರಕ್ಕೆ ಸೆಳೆದುಹೋಗಬೇಕು. ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿ ಸುಕ್ಕುಗಟ್ಟುವುದು ಇದೇ ಕಾರಣಕ್ಕೆ. ಏಡಿ ಸುಕ್ಕುಗಟ್ಟುವುದಿಲ್ಲ. ಅದು ತನ್ನ ಜೀವಕೋಶಗಳ ಒಳಗೆ ಗ್ಲೈಸೀನ್, ಅಲನೀನ್, ಪ್ರೋಲೀನ್, ಅರ್ಜಿನೀನ್ ಎಂಬ ಅಮೈನೋ ಆಮ್ಲಗಳನ್ನೂ ಬೀಟೇನ್ ಎಂಬ ಇನ್ನೊಂದು ವಸ್ತುವನ್ನೂ ತುಂಬಿಟ್ಟುಕೊಳ್ಳುತ್ತದೆ. ಹೊರಗಿನ ಉಪ್ಪು ಎಷ್ಟು ಎಳೆಯುತ್ತದೋ ಒಳಗೆ ಇವು ಅಷ್ಟೇ ಹಿಡಿದಿಡುತ್ತವೆ. ನೀರಿನ ಉಪ್ಪು ಏರಿದರೆ ಏಡಿ ಇವುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಮಳೆ ಬಂದು ಹೊಳೆನೀರು ಅಳಿವೆಗೆ ನುಗ್ಗಿ ಉಪ್ಪು ಇಳಿದರೆ ಕಡಿಮೆ ಮಾಡಿಕೊಳ್ಳುತ್ತದೆ. ಈ ಗ್ಲೈಸೀನ್ ನಮ್ಮ ನಾಲಗೆಗೆ ಸಿಹಿ. ಏಡಿ ಉಪ್ಪನ್ನು ತಾಳಿಕೊಳ್ಳಲು ಕೂಡಿಟ್ಟದ್ದನ್ನೇ ನಾವು ರುಚಿ ಎಂದು ಸವಿಯುತ್ತೇವೆ.

ಜಪಾನಿನ ಸಂಶೋಧಕರು ಇದನ್ನು ಬಹಳ ತಾಳ್ಮೆಯಿಂದ ಹುಡುಕಿದರು. ಬೆಂದ ಏಡಿಯ ರಸದಲ್ಲಿ ಏನೇನಿದೆ ಎಂದು ಒಂದೊಂದನ್ನೂ ಅಳೆದು, ಶುದ್ಧ ರಾಸಾಯನಿಕಗಳನ್ನು ಅದೇ ಪ್ರಮಾಣದಲ್ಲಿ ಕಲಸಿ ಏಡಿಯ ರುಚಿಯನ್ನು ಮತ್ತೆ ಕಟ್ಟಿದರು. ಆಮೇಲೆ ಒಂದು ಸಲಕ್ಕೆ ಒಂದನ್ನು ಬಿಟ್ಟು ರುಚಿ ನೋಡಿದರು. ಗ್ಲೈಸೀನ್ ಬಿಟ್ಟಾಗ ಸಿಹಿ ಕುಗ್ಗಿತು. ಉಪ್ಪಿನ ಅಂಶವನ್ನು ಬಿಟ್ಟಾಗ ಆದದ್ದು ಇನ್ನೂ ದೊಡ್ಡದು. ಸಿಹಿಯೂ ಹೋಯಿತು, ಅದು ಏಡಿ ಎಂಬ ಗುರುತೂ ಹೋಯಿತು. ಎಷ್ಟು ಸಲ ನೆನೆದರೂ ಈ ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ಈಗ ಪಟ್ಟಿಗೆ ಬರೋಣ. ಏಡಿಯ ಜಾತಿಯನ್ನು ನೋಡಿಕೊಂಡು ಅಂಕಿಗಳು ಹಿಂದೆಮುಂದೆ ಆಗುತ್ತವೆ. ಒಟ್ಟು ಚಿತ್ರ ಮಾತ್ರ ಒಂದೇ. 100 ಗ್ರಾಂ ಬೆಂದ ಮಾಂಸದಲ್ಲಿ ಸುಮಾರು 18 ಗ್ರಾಂ ಪ್ರೋಟೀನು, ಒಂದು ಗ್ರಾಂ ಆಸುಪಾಸಿನ ಕೊಬ್ಬು, 85ರಿಂದ 100 ಕ್ಯಾಲೊರಿ. ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಅದೇ ತೂಕದ ಕೋಳಿಮೊಟ್ಟೆಯಲ್ಲಿ ಪ್ರೋಟೀನು 12–13 ಗ್ರಾಂ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಏಡಿಯ ತೂಕ ತಿಳಿಯುತ್ತದೆ. ಜೊತೆಗೆ ಸತು, ತಾಮ್ರ, ಸೆಲೇನಿಯಂ, ಬಿ12 ಜೀವಸತ್ವ, ಸ್ವಲ್ಪ ಒಮೆಗಾ-3. ಆಸ್ಪತ್ರೆಯ ಗೋಡೆಯ ಮೇಲೂ ಆಹಾರದ ಪುಸ್ತಕಗಳಲ್ಲೂ ಈ ಹೆಸರುಗಳು ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತವೆ. ಆದರೆ ಏಡಿ ನಮಗಾಗಿ ಇವನ್ನು ಕೂಡಿಹಾಕಿದ್ದಲ್ಲ. ಒಂದೊಂದು ಹೆಸರಿನ ಹಿಂದೆಯೂ ಆ ಪ್ರಾಣಿ ಬದುಕಿಗಾಗಿ ಪಟ್ಟ ಒಂದೊಂದು ಪಾಡು ಇದೆ.

ಪ್ರೋಟೀನನ್ನೇ ತೆಗೆದುಕೊಳ್ಳಿ. ಏಡಿಗೆ ಎಲುಬು ಒಳಗಿಲ್ಲ, ಹೊರಗಿನ ಚಿಪ್ಪೇ ಎಲುಬು. ಚಿಪ್ಪು ಬೆಳೆಯುವುದಿಲ್ಲ, ಒಳಗಿನ ಜೀವ ಬೆಳೆಯುತ್ತದೆ. ಹಾಗಾಗಿ ಆಗಾಗ ಹಳೆಯ ಚಿಪ್ಪನ್ನು ಕಳಚಲೇಬೇಕು. ಕಳಚುವುದೆಂದರೆ ಬೆನ್ನಿನ ಹಿಂಬದಿಯ ಸೀಳಿನಿಂದ ಇಡೀ ಮೈಯನ್ನು, ಕಣ್ಣಿನ ಕಾಂಡಗಳನ್ನೂ ಕಿವಿರುಗಳನ್ನೂ ಕಾಲುಗಳ ತುದಿಯನ್ನೂ ಬಿಡದೆ, ಹಿಂದಕ್ಕೆ ಎಳೆದುಕೊಂಡು ಹೊರಬರುವುದು. ಇಲ್ಲೊಂದು ತೊಡಕಿದೆ. ನಾವು ಆಸೆಯಿಂದ ಒಡೆದು ತಿನ್ನುವ ಆ ಮುಂದಿನ ಕಾಲಿನ ಮಾಂಸ ದಪ್ಪ, ಅದು ಹಾದುಬರಬೇಕಾದ ಸಂದು ಬಹಳ ಕಿರಿದು. ಅದಕ್ಕಾಗಿ ಏಡಿ ಕಳಚುವ ಮೊದಲು ತನ್ನ ಮುಂಗಾಲಿನ ಮಾಂಸವನ್ನು ತಾನೇ ಕರಗಿಸಿಕೊಳ್ಳುತ್ತದೆ. ನೆಲದ ಏಡಿಗಳಲ್ಲಿ ಅಳೆದು ನೋಡಿದಾಗ ಆ ಮಾಂಸದ ಪ್ರೋಟೀನಿನ ನೂರಕ್ಕೆ ನಲವತ್ತು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕರಗಿಹೋಗಿತ್ತು. ಸಣ್ಣಗಾದ ಮಾಂಸ ಸಂದಿನಿಂದ ಜಾರಿ ಹೊರಬರುತ್ತದೆ. ಹೊರಬಂದ ಏಡಿ ನೀರು ಹೀರಿ ಉಬ್ಬಿಕೊಂಡು, ಹೊಸ ಮೆದು ಚಿಪ್ಪು ದೊಡ್ಡ ಅಳತೆಯಲ್ಲಿ ಗಟ್ಟಿಯಾಗುವ ತನಕ ಅಳಿವೆಯ ಕಾಂಡ್ಲಾ ಮರಗಳ ಬೇರುಗಳ ಸಂದಿಯಲ್ಲೋ ಕೆಸರಿನ ಬಿಲದಲ್ಲೋ ಅಡಗಿ ಕೂರುತ್ತದೆ. ಕರಗಿಸಿದ್ದನ್ನು ಮತ್ತೆ ಎಳೆ ಎಳೆಯಾಗಿ ಕಟ್ಟಿಕೊಳ್ಳಲು ವಾರಗಳು ಬೇಕು.

ಕರಾವಳಿಯ ಮೀನು ಮಾರುಕಟ್ಟೆಯಲ್ಲಿ ಏಡಿಯನ್ನು ಕೈಗೆತ್ತಿಕೊಂಡು, ತಿರುಗಿಸಿ, ಹೊಟ್ಟೆಯ ಅಂಚನ್ನೂ ಕಾಲಿನ ಬುಡವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುವ ಹೆಂಗಸರು ಇದನ್ನೆಲ್ಲ ಬಲ್ಲರು. ಒತ್ತಿದಾಗ ಬಗ್ಗಿದರೆ ಅದು ಹೊಸದಾಗಿ ಕಳಚಿದ್ದು, ಒಳಗೆ ಬರೀ ನೀರು. ಬಗ್ಗದಿದ್ದರೆ ತುಂಬಿದ ಏಡಿ. ಅಮಾವಾಸ್ಯೆಯ ಏಡಿ ತುಂಬಿರುತ್ತದೆ, ಹುಣ್ಣಿಮೆಯದು ಪೊಳ್ಳು ಎಂಬ ಮಾತೂ ನಮ್ಮ ಕಡಲ ಅಂಚಿನ ಉದ್ದಕ್ಕೂ ಇದೆ. 100 ಗ್ರಾಂ ಮಾಂಸಕ್ಕೆ 18 ಗ್ರಾಂ ಪ್ರೋಟೀನು ಎಂಬ ಅಂಕಿ ಬಿಲದಿಂದ ಹೊರಬಂದು ಮೈ ಕಟ್ಟಿಕೊಂಡ ಏಡಿಯದು. ನಿನ್ನೆ ಚಿಪ್ಪು ಬಿಟ್ಟ ಏಡಿಗೆ ಅದು ಸಲ್ಲದು. ಹೆಬ್ಬೆರಳಿನ ಆ ಒತ್ತು ಯಾವ ಪ್ರಯೋಗಾಲಯದ ಪರೀಕ್ಷೆಗೂ ಕಡಿಮೆಯದಲ್ಲ ಎಂದೇ ನಾನು ನಂಬಿದ್ದೇನೆ.

ತಾಮ್ರದ ಕತೆ ಬೇರೆ. ನಮ್ಮ ರಕ್ತ ಕೆಂಪು, ಏಕೆಂದರೆ ಅದರಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣ. ಏಡಿಯಲ್ಲಿ ಆ ಕೆಲಸ ತಾಮ್ರದ್ದು. ಹೀಮೋಸಯನಿನ್ ಎಂದು ಆ ವಸ್ತುವಿನ ಹೆಸರು. ಬೆಲ್ಜಿಯಂನ ಲಿಯಾನ್ ಫ್ರೆಡರಿಕ್ 1878ರಲ್ಲಿ ಆಕ್ಟೋಪಸ್‌ನ ರಕ್ತದಲ್ಲಿ ಕಂಡು ಆ ಹೆಸರಿಟ್ಟರು. ಆಮ್ಲಜನಕ ಸೇರಿದಾಗ ಅದು ನೀಲಿ, ಬಿಟ್ಟಾಗ ಬಣ್ಣವಿಲ್ಲದ್ದು. ಅಳಿವೆಯ ಕೆಸರಿನಲ್ಲಿ ಕೂತ ಏಡಿಯೊಳಗೆ ಪ್ರತಿ ಉಸಿರಿಗೂ ನೀಲಿ ಮೂಡುತ್ತದೆ, ಮಾಸುತ್ತದೆ. ಏಡಿ ತಿಂದವರಿಗೆ ದಿನಕ್ಕೆ ಬೇಕಾದ ತಾಮ್ರದ ದೊಡ್ಡ ಪಾಲು ಸಿಗುವುದು ಇದರಿಂದಲೇ. ನಮ್ಮ ಮೈಯೊಳಗೆ ಅದು ಹೋಗಿ ಮಾಡುವ ಕೆಲಸಗಳಲ್ಲಿ ಒಂದು, ಕೂಡಿಟ್ಟ ಕಬ್ಬಿಣವನ್ನು ರಕ್ತಕ್ಕೆ ಒದಗಿಸುವುದು. ತಾಮ್ರ ಸಾಲದಿದ್ದರೆ ಕಬ್ಬಿಣ ಇದ್ದೂ ರಕ್ತಹೀನತೆ ಬರಬಹುದು. ನೀಲಿ ರಕ್ತದ ಲೋಹ ನಮ್ಮ ಕೆಂಪು ರಕ್ತಕ್ಕೆ ಆಸರೆಯಾಗುತ್ತದೆ!

ಸತುವಿನದೂ ಇಂಥದೇ ನಂಟು. ಏಡಿಯ ಕಿವಿರುಗಳಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವಿದೆ, ಅದರ ನಡುವೆ ಒಂದು ಸತುವಿನ ಪರಮಾಣು. ನೀರಿನ ಉಪ್ಪು ಇಳಿದಾಗ ಹೊರಗಿನಿಂದ ಲವಣವನ್ನು ಒಳಗೆಳೆದುಕೊಳ್ಳಲು ಅದು ನೆರವಾಗುತ್ತದೆ. ಅದೇ ಬಗೆಯ ಕಿಣ್ವ, ಅದೇ ಸತು, ನಮ್ಮ ಕೆಂಪು ರಕ್ತಕಣಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶಕ್ಕೆ ಸಾಗಿಸಲು ಈ ಕ್ಷಣವೂ ದುಡಿಯುತ್ತಿದೆ.

ಬಿ12ರ ಮುಂದೆ ಮಾತ್ರ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಂದು ಕಾಲಕ್ಕೆ ಅದರ ಕೊರತೆಯ ರಕ್ತಹೀನತೆ ಎಂದರೆ ಸಾವೇ. 1926ರಲ್ಲಿ ಅಮೆರಿಕದ ಮಿನೋ ಮತ್ತು ಮರ್ಫಿ ಎಂಬ ವೈದ್ಯರು ರೋಗಿಗಳಿಗೆ ದಿನವೂ ಪ್ರಾಣಿಗಳ ಯಕೃತ್ತನ್ನು ತಿನ್ನಿಸಿ ಬದುಕಿಸಿದರು. ಇನ್ನೊಬ್ಬ ಸಂಶೋಧಕ ವಿಪಲ್ ಅವರೊಂದಿಗೆ ಅವರಿಬ್ಬರಿಗೆ 1934ರಲ್ಲಿ ನೊಬೆಲ್ ಬಂತು. ಯಕೃತ್ತಿನಲ್ಲಿದ್ದದ್ದು ಏನು ಎಂಬುದು ಕೆಂಪು ಹರಳುಗಳಾಗಿ ಕೈಗೆ ಸಿಕ್ಕಿದ್ದು 1948ರಲ್ಲಿ. ಆ ಹರಳಿನ ಒಳರಚನೆಯನ್ನು ಕ್ಷ-ಕಿರಣಗಳಿಂದ ಬಿಡಿಸಿ ತೋರಿಸಿದವರು ಡೊರೊಥಿ ಹಾಡ್ಜ್‌ಕಿನ್, 1956ರಲ್ಲಿ. ಅವರಿಗೆ 1964ರ ನೊಬೆಲ್. ಅದರ ನಟ್ಟನಡುವೆ ಕಂಡದ್ದು ಕೋಬಾಲ್ಟ್ ಎಂಬ ಲೋಹದ ಒಂದೇ ಒಂದು ಪರಮಾಣು.

ಈ ಜೀವಸತ್ವವನ್ನು ಯಾವ ಗಿಡವೂ ತಯಾರಿಸಲಾರದು, ಯಾವ ಪ್ರಾಣಿಯೂ ತಯಾರಿಸಲಾರದು. ಅದನ್ನು ಕಟ್ಟಬಲ್ಲವು ಬ್ಯಾಕ್ಟೀರಿಯಾ ಮತ್ತು ಅವುಗಳಷ್ಟೇ ಸಣ್ಣ ಆರ್ಕಿಯಾಗಳು ಮಾತ್ರ. ಹಸುವಿನ ಹಾಲಿನ ಬಿ12 ಅದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳದು. ಮಾಂಸ ಮುಟ್ಟದವರ ಮನೆಯ ಮೊಸರನ್ನದಲ್ಲೂ ಇರುವುದು ಅದೇ. ಏಡಿಗೆ ಅದು ಸಿಗುವುದು ಅಳಿವೆಯ ಕೆಸರಿನಿಂದ, ಕೆಸರನ್ನು ಸೋಸಿ ತಿನ್ನುವ ಚಿಪ್ಪಿ-ಹುಳುಗಳಿಂದ. ಅಂಥ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೊಳೆತ ಎಲೆಗಳ ನಡುವೆ, ಘಟ್ಟದ ಕಲ್ಲುಮಣ್ಣಿನಿಂದ ಕರಗಿ ಬಂದ ಲೋಹದ ಕಣವನ್ನು ಹಿಡಿದು, ಮನುಷ್ಯ ಅರಿಯಲು ದಶಕಗಳ ಕಾಲ ದುಡಿದ ಆ ರಚನೆಯನ್ನು ಸದ್ದಿಲ್ಲದೆ ಕಟ್ಟುತ್ತಿರುತ್ತವೆ. ನಮಗೆ ದಿನಕ್ಕೆ ಬೇಕಾದದ್ದು ಎರಡು-ಎರಡೂವರೆ ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಎರಡೂವರೆ. 100 ಗ್ರಾಂ ಏಡಿ ಮಾಂಸದಲ್ಲಿ ಜಾತಿಗೆ ತಕ್ಕಂತೆ 3ರಿಂದ 11 ಮೈಕ್ರೋಗ್ರಾಂ ಇರುತ್ತದೆ. ಇದನ್ನು ಓದಿದಾಗ ನನಗೆ ಕೆಸರನ್ನು ಕೊಳಕು ಎನ್ನಲು ಬಾಯಿ ಬರುವುದಿಲ್ಲ.

ಹೀಗೆ ನೋಡುತ್ತ ಹೋದರೆ ಏಡಿ ತನ್ನದೆಂದು ಹೇಳಿಕೊಳ್ಳಬಹುದಾದದ್ದು ಬಹಳ ಕಡಿಮೆ. ಅದರ ಒಮೆಗಾ-3 ಮೂಲತಃ ಕಡಲಿನ ಸೂಕ್ಷ್ಮ ಪಾಚಿಯದು. ಬೇಯಿಸಿದಾಗ ಹಸಿರು-ನೀಲಿ ಚಿಪ್ಪು ಕೆಂಪಾಗುತ್ತದಲ್ಲ, ಆ ಕೆಂಪು ಕೂಡ ಅದರದಲ್ಲ. ಅಸ್ಟಾಕ್ಸಾಂತಿನ್ ಎಂಬ ಆ ಬಣ್ಣದ ಬೇರು ಇರುವುದೂ ಪಾಚಿಯಲ್ಲೇ. ಜೀವಂತ ಏಡಿಯಲ್ಲಿ ಅದನ್ನು ಒಂದು ಪ್ರೋಟೀನು ಅಪ್ಪಿ ಹಿಡಿದು ಕೆಂಪನ್ನು ಮರೆಮಾಡಿರುತ್ತದೆ. ಒಲೆಯ ಬಿಸಿಗೆ ಆ ಹಿಡಿತ ಸಡಿಲುತ್ತದೆ, ಅಷ್ಟೆ.

ಏಡಿ ಎಂದ ಕೂಡಲೇ ಹಲವರು ಹೆದರುವ ಕೊಲೆಸ್ಟರಾಲನ್ನೂ ಅದು ಸ್ವತಃ ತಯಾರಿಸಲಾರದು. ನಮ್ಮ ಯಕೃತ್ತು ದಿನವೂ ಸಲೀಸಾಗಿ ಮಾಡುವ ಈ ವಸ್ತುವನ್ನು ಏಡಿ ಆಹಾರದಿಂದಲೇ ಪಡೆಯಬೇಕು. ಅದಿಲ್ಲದೆ ಚಿಪ್ಪು ಕಳಚಿಸುವ ಹಾರ್ಮೋನು ಇಲ್ಲ, ಹಾರ್ಮೋನು ಇಲ್ಲದೆ ಬೆಳವಣಿಗೆ ಇಲ್ಲ. 100 ಗ್ರಾಂ ಮಾಂಸದಲ್ಲಿ ಅದು 50ರಿಂದ 100 ಮಿಲಿಗ್ರಾಂ. ಒಂದು ಕೋಳಿಮೊಟ್ಟೆಯಲ್ಲಿ 180ರ ಮೇಲೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದೆಂಬ ಹಳೆಯ ಮಿತಿಯನ್ನು ಅಮೆರಿಕದ 2015ರ ಆಹಾರ ಮಾರ್ಗಸೂಚಿಯೇ ಕೈಬಿಟ್ಟಿತು. ಹೃದಯಕ್ಕೆ ಹೆಚ್ಚು ಕೆಡುಕು ಮಾಡುವ ಸಂತೃಪ್ತ ಕೊಬ್ಬು ಏಡಿಯಲ್ಲಿ ತೀರಾ ಕಡಿಮೆ. ಏಡಿಯ ಜೊತೆ ಹುರಿಯುವ ಎಣ್ಣೆ, ಸುರಿಯುವ ಬೆಣ್ಣೆಯ ಬಗ್ಗೆ ಯೋಚಿಸುವುದು ಮೇಲು.

ಎಚ್ಚರಿಕೆ ಬೇಕಾದ ಕಡೆ ಬೇಕು. ಏಡಿಯ ಮಾಂಸದಲ್ಲಿ ಸೋಡಿಯಂ ಹೆಚ್ಚು, ರಕ್ತದೊತ್ತಡವಿರುವವರು ಮೇಲುಪ್ಪು ಬಿಡಬೇಕು. ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನನ್ನು ಕೆಲವರ ಮೈ ಹಗೆ ಎಂದು ತಿಳಿಯುತ್ತದೆ, ಬೇಯಿಸಿದರೂ ಅದು ನಾಶವಾಗುವುದಿಲ್ಲ. ಅಂಥವರಿಗೆ ಒಂದು ತುತ್ತೂ ಅಪಾಯ. ಹೊಳೆ-ಹಳ್ಳದ ಏಡಿಗಳಲ್ಲಿ ಶ್ವಾಸಕೋಶಕ್ಕೆ ಹೋಗಿ ನೆಲೆಸುವ ಪರೋಪಜೀವಿ ಹುಳು ಇರಬಹುದು. ಈಶಾನ್ಯ ಭಾರತದಲ್ಲಿ ಹಸಿ ಏಡಿ ತಿಂದವರಲ್ಲಿ ಕ್ಷಯದಂತೆಯೇ ಕೆಮ್ಮು-ರಕ್ತ ಕಾಣಿಸಿಕೊಂಡದ್ದು ಇದರಿಂದ. ಚೆನ್ನಾಗಿ ಬೇಯಿಸಿದರೆ ಆ ಭಯವಿಲ್ಲ. ಇನ್ನು ಸತ್ತ ಏಡಿಯನ್ನು ಕೊಳ್ಳಬೇಡಿ ಎಂಬ ಹಿರಿಯರ ಮಾತು ಅಕ್ಷರಶಃ ಸರಿ. ಸಿಹಿ ಕೊಡುವ ಅದೇ ಬಿಡಿ ಅಮೈನೋ ಆಮ್ಲಗಳು ಬ್ಯಾಕ್ಟೀರಿಯಾಗಳಿಗೂ ಸಿದ್ಧ ಊಟ. ಜೀವ ಹೋದ ಮೇಲೆ ಏಡಿ ಬೇಗ ಕೆಡುತ್ತದೆ.

ಇಷ್ಟು ಹೊತ್ತು ಕಡಲಿನ, ಅಳಿವೆಯ ಏಡಿಯ ಮಾತಾಡಿದೆ. ಗದ್ದೆಯ ಏಡಿಯನ್ನು ಮರೆಯಲಾರೆ. ಮಲೆನಾಡಿನಲ್ಲಿ ಮಳೆ ಹಿಡಿದ ಮೇಲೆ ಗದ್ದೆಯ ಅಂಚಿನ ಬಿಲಗಳಿಂದ ಹಿಡಿದು ತಂದ ಏಡಿಗಳ ಸಣ್ಣ ಕಾಲುಗಳನ್ನು ಒರಳಲ್ಲಿ ಕುಟ್ಟಿ, ನೀರು ಬೆರೆಸಿ ಸೋಸಿ, ಆ ರಸಕ್ಕೆ ಹುಣಸೆಹುಳಿ, ಮೆಣಸು, ಬೆಳ್ಳುಳ್ಳಿ ಹಾಕಿ ಸಾರು ಕಾಯಿಸುತ್ತಾರೆ. ಬಾಯಿಂದ ಬಿಡಿಸಲು ಆಗದಷ್ಟು ಸಣ್ಣ ಕಾಲಿನೊಳಗಿನ ಮಾಂಸವೂ ಹೀಗೆ ಹಾಳಾಗದೆ ಬಟ್ಟಲಿಗೆ ಬರುತ್ತದೆ. ಕುಟ್ಟಿದ ಚಿಪ್ಪಿನ ಸುಣ್ಣ ಹುಳಿಗೆ ಸ್ವಲ್ಪ ಕರಗಿ ಸೇರುತ್ತದೆ. ನೆಗಡಿ-ಶೀತಕ್ಕೆ ಇದರಷ್ಟು ಒಳ್ಳೆಯದು ಇಲ್ಲ ಎನ್ನುತ್ತಾರೆ. ಔಷಧ ಎನ್ನುವ ಧೈರ್ಯ ನನಗಿಲ್ಲ, ಆದರೆ ದಿನವಿಡೀ ಗೊರಬು ಹೊದ್ದು ಕೆಸರಿನಲ್ಲಿ ನಾಟಿ ಮಾಡಿ ಬಂದವರಿಗೆ ಆ ಬಿಸಿ ಸಾರು ದುಡ್ಡು ಕೊಡದೆ ಸಿಕ್ಕ ಪ್ರೋಟೀನು, ಸತು, ಬಿ12 ಎಲ್ಲವೂ ಆಗಿತ್ತು. ತುಳುನಾಡಿನಲ್ಲಿ ಸೂರ್ಯ ಕರ್ಕಾಟಕ ರಾಶಿಯಲ್ಲಿರುವ ತಿಂಗಳೇ ಆಟಿ. ಕಡಲು ಕೆರಳಿ ದೋಣಿ ಇಳಿಸಲಾಗದ, ಕಣಜ ಖಾಲಿಯಾದ ಆ ತಿಂಗಳಲ್ಲಿ ಕೆಸುವಿನ ಎಲೆ, ಹಲಸಿನ ಬೀಜಗಳ ಜೊತೆ ಗದ್ದೆ-ತೋಡಿನ ಡೆಂಜಿ, ಅಂದರೆ ಏಡಿಯೂ ಬಡವರ ಹೊಟ್ಟೆಯನ್ನು ಕಾಪಾಡಿದೆ. ಗದ್ದೆಗೆ ಹೊಡೆಯುವ ಕೀಟನಾಶಕ ಈ ಉಚಿತ ಊಟವನ್ನೂ ಹೊಡೆಯುತ್ತದೆ, ಮತ್ತು ಆ ನಷ್ಟ ಯಾವ ಬೆಳೆಯ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ ಎಂಬುದು ನನ್ನ ಸಂಕಟ.

ಲೆಕ್ಕಕ್ಕೆ ಬರಬೇಕಾದ ಇನ್ನೊಂದು ಜಾಗವಿದೆ. ಶಿರಸಿಯ ಕಡೆ ಹುಟ್ಟಿ, ದಾರಿಯಲ್ಲಿ ಎಲ್ಲೂ ಅಣೆಕಟ್ಟಿಗೆ ಸಿಗದೆ ಹರಿದು, ಕುಮಟಾದ ಬಳಿ ಕಡಲು ಸೇರುತ್ತದೆ ಅಘನಾಶಿನಿ. ಘಟ್ಟದ ಕಾಡಿನ ಎಲೆ, ಮಣ್ಣು, ಖನಿಜ ಎಲ್ಲವನ್ನೂ ಅದು ಅಳಿವೆಗೆ ತಂದು ಹಾಕುತ್ತದೆ. ಅಲ್ಲಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೇ ಬಿಡುವುದು ವಾಡಿಕೆ. ಆ ಹುಲ್ಲು ಕೊಳೆತು ಬ್ಯಾಕ್ಟೀರಿಯಾಗಳಿಗೆ, ಅವುಗಳಿಂದ ಸಿಗಡಿಗೆ, ಚಿಪ್ಪಿಗೆ, ಏಡಿಗೆ ಉಣಿಸಾಗುತ್ತದೆ. ಕಾಂಡ್ಲಾ ಮರಗಳ ಬೇರು ಮೈ ಮೆತ್ತಗಾದ ಏಡಿಯನ್ನು ಬಚ್ಚಿಡುತ್ತದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಸಂತೋಷವೇ. ಕಾಂಡ್ಲಾ ಕಡಿದರೆ, ಕೆಸರನ್ನು ಬಗೆದರೆ, ಊರಿನ ಹೊಲಸನ್ನು ಹರಿಯಬಿಟ್ಟರೆ ಪಟ್ಟಿ ಏನನ್ನೂ ಉಳಿಸಲಾರದು. ಏಡಿಯ ಪೋಷಕಾಂಶಗಳು ಎಂದು ನಾವು ಕರೆಯುವುದೆಲ್ಲ ಅಳಿವೆ ಅದಕ್ಕೆ ಕೊಟ್ಟದ್ದು. ಕೆಟ್ಟ ನೀರಿನ ಏಡಿ ಸತುವನ್ನೂ ತಾಮ್ರವನ್ನೂ ಕೂಡಿಟ್ಟಷ್ಟೇ ನಿಷ್ಠೆಯಿಂದ ಕ್ಯಾಡ್ಮಿಯಂ ವಿಷವನ್ನೂ ಕೂಡಿಡುತ್ತದೆ, ಅದರಲ್ಲೂ ಚಿಪ್ಪಿನೊಳಗಿನ ಹಳದಿ ಭಾಗದಲ್ಲಿ.

ಆದ್ದರಿಂದ ಏಡಿ ತಿನ್ನುವವರಲ್ಲಿ ನನ್ನದೊಂದು ಕೇಳಿಕೆ. ಕೊಳ್ಳುವಾಗ ಜೀವಂತ ಏಡಿಯನ್ನೇ ಕೊಳ್ಳಿ, ಅಂಗೈಯಗಲವೂ ಬೆಳೆಯದ ಅಳಿವೆಯ ಏಡಿಯನ್ನು ಬಿಡಿ. ಅದನ್ನು ತಿರುಗಿಸಿ ಹೊಟ್ಟೆಯನ್ನೂ ನೋಡಿ. ಗಂಡಿನ ಹೊಟ್ಟೆಯ ಪಟ್ಟಿ ಕಿರಿದು, ಹೆಣ್ಣಿನದು ಅಗಲ. ಆ ಅಗಲ ಪಟ್ಟಿಯ ಕೆಳಗೆ ಕಿತ್ತಳೆಯೋ ಬೂದಿಯೋ ಬಣ್ಣದ ಮೊಟ್ಟೆಯ ಗೊಂಚಲು ಕಂಡರೆ, ಅದು ಲಕ್ಷಗಟ್ಟಲೆ ಮೊಟ್ಟೆಗಳನ್ನು ಹೊತ್ತ ತಾಯಿ. ಅದನ್ನು ಕೊಳ್ಳಬೇಡಿ, ಕೊಳ್ಳುವುದಿಲ್ಲ ಎಂದು ಮಾರುವವರಿಗೂ ತಿಳಿಸಿ ಹೇಳಿ. ಕೊಳ್ಳುವವರಿಲ್ಲದಿದ್ದರೆ ಅದನ್ನು ಬಲೆಯಿಂದ ಬಿಡಿಸಿ ನೀರಿಗೆ ಬಿಡುವುದು ಮೀನುಗಾರನಿಗೂ ಸುಲಭವಾಗುತ್ತದೆ.